ಅಕ್ಕನ ರಿಪೋರ್ಟಿನಲ್ಲಿ "ಆಕ್ವಾಪೋರಿನ್-4 ಆ್ಯಂಟಿಬಾಡಿ ಪಾಸಿಟಿವ್" ಅಂತ ಬಂದಿದೆ. ಈ ಪ್ರೋಟೀನು ನೋಡೋಕೆ ಹೇಗಿರುತ್ತೆ?

ರಿವೈಂಡಿಂಗ್ ಅಂಗಡಿ, ಬಂಗಾರಪೇಟೆ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಐಟಿಐ. ಕೆಲಸ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್. ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ತಪ್ಪು ಕೇಳಿದರೆ ನಗಬೇಡಿ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಅಕ್ಕನಿಗೆ ಬಿಕ್ಕಳಿಕೆ ಹಿಡಿಯಿತು. ಎರಡು ವಾರ ಬಿಡಲಿಲ್ಲ. ಜೊತೆಗೆ ವಾಂತಿ. ಮೊದಲು ತೋರಿಸಿದ ಕಡೆ ಗ್ಯಾಸ್ ಅಂದರು. ಎಂಡೋಸ್ಕೋಪಿ ಮಾಡಿಸಿ ಹೊಟ್ಟೆ ಚೆನ್ನಾಗಿದೆ ಅಂದರು. ಆಮೇಲೆ ತಾನಾಗೇ ನಿಂತಿತು, ನಾವೂ ಮರೆತೆವು. ಯುಗಾದಿ ಹೊತ್ತಿಗೆ ಎಡಗಣ್ಣು ಮಂಜಾಯಿತು. ಕಣ್ಣು ಆಡಿಸಿದರೆ ನೋವು. ಟೊಮೇಟೊ ಕ್ರೇಟ್ ಮುಂದೆ ಕೂತು ಒಂದೊಂದೇ ಕಣ್ಣು ಮುಚ್ಚಿ ನೋಡಿದಳು. "ಈ ಕಣ್ಣಿಗೆ ಕೆಂಪಗಿದೆ ಕಣೋ, ಆ ಕಣ್ಣಿಗೆ ಹಳೇ ಇಟ್ಟಿಗೆ ತರಹ ಕಾಣ್ತಿದೆ" ಅಂದಳು. ಅವತ್ತೇ ಬೆಂಗಳೂರಿಗೆ ಕರ್ಕೊಂಡು ಹೋದೆ. ಎಂಆರ್‌ಐ ಆಯಿತು, ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಕಣ್ಣು ಮುಕ್ಕಾಲು ಪಾಲು ವಾಪಸ್ ಬಂದಿದೆ.

ರಕ್ತದ ರಿಪೋರ್ಟ್ ನೋಡಿ ಡಾಕ್ಟರ್ ಹೇಳಿದ್ದು ಇಷ್ಟು: "ಮಿದುಳಿನ ಸಪೋರ್ಟ್ ಸೆಲ್‌ಗಳ ಮೇಲೆ ನೀರಿನ ಚಾನೆಲ್ ಇರುತ್ತದೆ. ಇವರ ಮೈ ಅದನ್ನು ಶತ್ರು ಅಂದುಕೊಂಡಿದೆ." ನೀರಿನ ಚಾನೆಲ್ ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ದಿನಾ ನೀರಿನ ಕೆಲಸವೇ ಅಲ್ವಾ ನಂದು. ಅದು ಪೈಪಾ? ಎನ್‌ಆರ್‌ವಿ ತರಹ ಒಂದೇ ಕಡೆಗೆ ಬಿಡುತ್ತದಾ? ಅಕ್ಕನಿಗೆ ಅದು ಬ್ಲಾಕ್ ಆಗಿದೆಯಾ? ಚಿಕಿತ್ಸೆ ಕೇಳುತ್ತಿಲ್ಲ, ಅದಕ್ಕೆ ಡಾಕ್ಟರ್ ಇದ್ದಾರೆ. ವಸ್ತು ಹೇಗಿದೆ ಅಂತ ಗೊತ್ತಾಗಬೇಕು, ಅಷ್ಟೇ.

ಪಿಯು ಮೇಷ್ಟ್ರು, ಮುಳಬಾಗಿಲು

ನಗುವ ಮಾತೇ ಇಲ್ಲ. ನಮ್ಮ ಸೆಕೆಂಡ್ ಪಿಯು ಹುಡುಗರು ಒಂದು ವರ್ಷ ಕೂತರೂ ಇಷ್ಟು ಒಳ್ಳೆ ಪ್ರಶ್ನೆ ಕೇಳುವುದಿಲ್ಲ.

ಮಿದುಳಿನಲ್ಲಿ ನರಕೋಶಗಳ ಜೊತೆ ಬೇರೆ ಕೋಶಗಳೂ ಇವೆ. ಅವಕ್ಕೆ ಗ್ಲಯಾ ಅನ್ನುತ್ತಾರೆ. ಗ್ಲಯಾ ಅಂದರೆ ಅಂಟು. 19ನೇ ಶತಮಾನದಲ್ಲಿ ವಿರ್ಚೋ ಅನ್ನುವ ಜರ್ಮನ್ ವೈದ್ಯ ಇವನ್ನು ನೋಡಿ, ಸುಮ್ನೆ ನರಗಳನ್ನು ಹಿಡಿದಿಟ್ಟ ಗೋಂದು ಅಂದುಕೊಂಡ. ಅದರಲ್ಲಿ ಒಂದು ಬಗೆ ಆಸ್ಟ್ರೋಸೈಟ್, ನಕ್ಷತ್ರದ ಹಾಗೆ ಕೈಕಾಲು ಚಾಚಿಕೊಂಡಿರುತ್ತದೆ. ಕೆಲವು ಕಾಲುಗಳ ತುದಿ ಅಗಲವಾಗಿ ರಕ್ತನಾಳವನ್ನು ಸುತ್ತಲೂ ತಬ್ಬಿಕೊಂಡಿರುತ್ತದೆ. ನಿಮ್ಮ ರಿಪೋರ್ಟಿನ ಪ್ರೋಟೀನು ಜಾಸ್ತಿ ಇರುವುದು ಆ ಪಾದಗಳಲ್ಲಿ, ಅದೂ ರಕ್ತನಾಳದ ಕಡೆಯ ಮುಖದಲ್ಲಿ.

ಕೋಶದ ಸುತ್ತ ಇರುವ ಪೊರೆ ಎರಡು ಪದರ ಕೊಬ್ಬಿನದು. ದಪ್ಪ 4ರಿಂದ 5 ನ್ಯಾನೋಮೀಟರ್. ಕೊಬ್ಬಿನ ಮೂಲಕ ನೀರು ನುಸುಳುತ್ತದೆ, ಆದರೆ ನಿಧಾನ. ಬೇಗ ಹೋಗಬೇಕು ಅಂದರೆ ದಾರಿ ಬೇಕು. ಕೆರೆ ಕಟ್ಟೆಯಲ್ಲಿ ತೂಬು ಇಡುತ್ತಾರಲ್ಲ, ಹಾಗೆ. ಆಕ್ವಾಪೋರಿನ್ ಅಂದರೆ ಕೋಶದ ತೂಬು.

ಹೆಂಚಿನೂರು ಹುಡುಗಿ, ಮಾಲೂರು

ಮೇಷ್ಟ್ರೇ, ಒಂದು ತಕರಾರು. ತೂಬಿಗೆ ಬಿರಡೆ ಇರುತ್ತದೆ, ಎತ್ತುವವರು ಇರುತ್ತಾರೆ. ಆಕ್ವಾಪೋರಿನ್-4 ಸಾಮಾನ್ಯವಾಗಿ ಯಾವಾಗಲೂ ತೆರೆದೇ ಇರುತ್ತದೆ. ಪಂಪೂ ಅಲ್ಲ, ಎನ್‌ಆರ್‌ವಿಯೂ ಅಲ್ಲ. ಯಾವ ಕಡೆ ಉಪ್ಪಿನಂಶ ಜಾಸ್ತಿಯೋ ನೀರು ಆ ಕಡೆಗೆ ಹರಿಯುತ್ತದೆ, ಎರಡೂ ದಿಕ್ಕಿಗೆ. (ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪೊರೆಯೊಳಗಿನ ಪ್ರೋಟೀನುಗಳ ಆಕಾರ ನೋಡುವುದೇ ಕೆಲಸ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.)

ಬಂಗಾರಪೇಟೆ ಅಣ್ಣಾ, ಮನೆಯಲ್ಲಿ ನಾಲ್ಕು ಗುಳಿಯ ಇಡ್ಲಿ ತಟ್ಟೆ ಇದೆಯಾ? ಒಂದು ತಂದು ಎದುರಿಗೆ ಇಟ್ಟುಕೊಳ್ಳಿ. ಆಕ್ವಾಪೋರಿನ್-4 ಒಂಟಿಯಾಗಿ ಇರುವುದಿಲ್ಲ, ನಾಲ್ಕು ಸೇರಿ ಒಂದು ಗುಂಪು. ಪ್ರತಿ ಗುಳಿಯಲ್ಲೂ ನೀರು ಹೋಗುವ ಒಂದು ರಂಧ್ರ ಇದೆ ಅಂದುಕೊಳ್ಳಿ. ಅಂದರೆ ನಾಲ್ಕು ಪ್ರೋಟೀನು, ನಾಲ್ಕು ದಾರಿ. ತಟ್ಟೆ ನಡುವೆ ಕಂಬಿ ತೂರಿಸುವ ತೂತು ಇರುತ್ತದಲ್ಲ, ಪ್ರೋಟೀನಿನಲ್ಲೂ ಅಲ್ಲಿ ಒಂದು ಸಂದು ಇದೆ. ನೋಡಿದವರು ನೀರು ಅಲ್ಲೇ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಆ ಸಂದಿನ ಗೋಡೆ ಎಣ್ಣೆ ಸವರಿದ ಹಾಗೆ, ನೀರಿಗೆ ಒಗ್ಗುವುದಿಲ್ಲ.

ಈಗ ಒಂದು ಗುಳಿಯೊಳಗೆ ಇಳಿಯೋಣ. ಪ್ರೋಟೀನು ಅಂದರೆ ಒಂದು ಉದ್ದನೆಯ ಸರ, ಅಮೈನೋ ಆಮ್ಲಗಳನ್ನು ಪೋಣಿಸಿದ್ದು. ಇದರಲ್ಲಿ ಮುನ್ನೂರಕ್ಕೂ ಸ್ವಲ್ಪ ಜಾಸ್ತಿ ಮಣಿಗಳಿವೆ. ಈ ಸರ ಆರು ಸಲ ಪೊರೆಯನ್ನು ದಾಟುತ್ತದೆ. ದಾಟುವಾಗೆಲ್ಲ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿರುತ್ತದೆ. ಆರು ಸ್ಪ್ರಿಂಗುಗಳು ಕಟ್ಟಿಗೆ ಹೊರೆಯಂತೆ ಓರೆಯಾಗಿ ನಿಂತಿವೆ. ಇವಲ್ಲದೆ ಎರಡು ಅರ್ಧ ಸ್ಪ್ರಿಂಗು. ಒಂದು ಮೇಲಿನಿಂದ, ಇನ್ನೊಂದು ಕೆಳಗಿನಿಂದ ಒಳಗೆ ಬಂದು ನಟ್ಟನಡುವೆ ಮುಖಾಮುಖಿ ಆಗುತ್ತವೆ. ಎರಡರ ತುದಿಯಲ್ಲೂ ಅದೇ ಮೂರು ಮಣಿ: ಆಸ್ಪರಜಿನ್, ಪ್ರೋಲಿನ್, ಅಲನಿನ್. ಒಟ್ಟಿನಲ್ಲಿ ರಂಧ್ರ ಬುಡುಬುಡಿಕೆ ಆಕಾರದ್ದು. ಎರಡೂ ಬಾಯಿ ಅಗಲ, ನಡುವೆ ಸಣ್ಣ. ತೀರಾ ಸಣ್ಣ ಜಾಗದ ಅಗಲ ಸುಮಾರು 0.3 ನ್ಯಾನೋಮೀಟರ್. ಒಂದು ನೀರಿನ ಅಣುವಿನ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ನೀರು ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು.

ಸಾಲು ಅಂದರೆ ನಿಧಾನ ಅಂದುಕೊಳ್ಳಬೇಡಿ. ಇದರ ಅಣ್ಣ ಆಕ್ವಾಪೋರಿನ್-1 ನಮ್ಮ ಕೆಂಪು ರಕ್ತಕಣದಲ್ಲಿದೆ. ಅದರ ಒಂದೇ ರಂಧ್ರದಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ಅಣು ದಾಟುತ್ತವೆ.

ಸೋಮಾಂಬುಧಿ ಕೆರೆ ಏರಿ

ಅಮ್ಮಾ ಮಾಲೂರಿನವರೇ, ನಮ್ಮದು ನೀರುಗಂಟಿ ಮನೆತನ. ನಮ್ಮ ತಾತ ತೂಬಿನ ಕಲ್ಲು ಹತ್ತಿ, ಕೋಲು ಹಿಡಿದು ಬಿರಡೆ ಎತ್ತುತ್ತಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ಅನ್ನುವುದು ಅವರ ತಲೆಯಲ್ಲಿ ಇರುತ್ತಿತ್ತು. ಬಿರಡೆಯೂ ಇಲ್ಲ, ನೀರುಗಂಟಿಯೂ ಇಲ್ಲ ಅಂದಮೇಲೆ ಅದನ್ನು ತೂಬು ಅನ್ನಬಾರದು. ಕಟ್ಟೆಗೆ ಏಡಿ ಕೊರೆದ ಬಿಲ ಅನ್ನಿ. ಏಡಿ ಬಿಲದಿಂದ ಕೆರೆ ಒಡೆದದ್ದು ಕಣ್ಣಾರೆ ಕಂಡಿದ್ದೇನೆ.

ಮಿದುಳಿನಲ್ಲಿ ಅಷ್ಟೊಂದು ಬಿಲ ಇಟ್ಟುಕೊಂಡು ಮನುಷ್ಯ ಬದುಕಿರುವುದು ಹೇಗೆ?

ಹೆಂಚಿನೂರು ಹುಡುಗಿ, ಮಾಲೂರು

ಯಜಮಾನರೇ, ಏಡಿ ಬಿಲ ಅಂದಿರಲ್ಲ, ನಾಳೆ ಲ್ಯಾಬಿನಲ್ಲಿ ಹೇಳುತ್ತೇನೆ! ಭಯ ಸುಳ್ಳಲ್ಲ. 2000ದಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಆಕ್ವಾಪೋರಿನ್-4 ಇಲ್ಲದ ಇಲಿಗಳಿಗೆ ಮೈಯಲ್ಲಿ ನೀರು ಜಾಸ್ತಿಯಾಗಿ ಉಪ್ಪು ತೆಳುವಾಗುವ ಹಾಗೆ ಮಾಡಿದರು. ಮಾಮೂಲಿ ಇಲಿಗಳಿಗಿಂತ ಅವುಗಳ ಮಿದುಳು ಕಮ್ಮಿ ಊದಿತು, ಜಾಸ್ತಿ ಬದುಕಿದವು. ಅಂದರೆ ಅಂಥ ಹೊತ್ತಿನಲ್ಲಿ ನೀರು ನುಗ್ಗುವುದು ಈ ದಾರಿಯಿಂದಲೇ. ಆದರೆ ಮಿದುಳಿನ ಬೇರೆ ತರಹದ ಊತದಲ್ಲಿ ಉಲ್ಟಾ. ಅಲ್ಲಿ ನಿಂತ ನೀರು ಹೊರಗೆ ಹೋಗಲು ಇದೇ ದಾರಿ ಬೇಕು. ಇಲ್ಲದಿದ್ದರೆ ಊತ ಜಾಸ್ತಿ.

ಏಡಿ ಬಿಲಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಬಿಲದಲ್ಲಿ ನೀರಿನ ಜೊತೆ ಮಣ್ಣೂ ಕೊಚ್ಚಿಕೊಂಡು ಹೋಗುತ್ತದೆ, ಅದಕ್ಕೇ ಕಟ್ಟೆ ಒಡೆಯುವುದು. ಇಲ್ಲಿ ನೀರು ಬಿಟ್ಟು ಬೇರೇನೂ ಹೋಗುವುದಿಲ್ಲ.

ರಿವೈಂಡಿಂಗ್ ಅಂಗಡಿ, ಬಂಗಾರಪೇಟೆ

ಮೇಡಂ, ಇಡ್ಲಿ ತಟ್ಟೆ ಪಕ್ಕದಲ್ಲೇ ಇಟ್ಟುಕೊಂಡು ಓದುತ್ತಿದ್ದೇನೆ. ನಮ್ಮನೆಯವಳು ವಿಚಿತ್ರವಾಗಿ ನೋಡಿ ಹೋದಳು.

ಒಂದು ಅನುಮಾನ. ನೀರು ಮಾತ್ರ ಬಿಡುತ್ತದೆ ಅಂದಿರಿ. ಆರ್‌ಓದಲ್ಲಾದರೆ ಪ್ರೆಶರ್ ಹಾಕಿ ತಳ್ಳುತ್ತೇವೆ, ಉಪ್ಪು ಹಿಂದೆ ಉಳಿಯುತ್ತದೆ. ಇಲ್ಲಿ ಪ್ರೆಶರ್ ಇಲ್ಲ. ಬರೀ ತೂತು ಸಣ್ಣದು ಅಂತಲೇ ತಡೆಯುವುದಾ?

ಹೆಂಚಿನೂರು ಹುಡುಗಿ, ಮಾಲೂರು

ಉಪ್ಪಿಗೆ ಅಷ್ಟೇ ಸಾಕು. ಸೋಡಿಯಂ ತನ್ನ ಸುತ್ತ ನೀರನ್ನು ಹೊದ್ದುಕೊಂಡೇ ಇರುತ್ತದೆ. ಹೊದಿಕೆ ಸಮೇತ ಹಿಡಿಸುವುದಿಲ್ಲ, ಬಿಚ್ಚಿಟ್ಟು ಬರಲು ಮನಸ್ಸಿಲ್ಲ. ನಿಜವಾದ ತಲೆನೋವು ಪ್ರೋಟಾನು, ಅಂದರೆ ಆಸಿಡ್ಡಿನ ಅಂಶ. ಅದಕ್ಕೆ ಹಾದುಹೋಗಲು ತೂತೇ ಬೇಕಿಲ್ಲ. ನೀರಿನ ಸಾಲು ಸಿಕ್ಕರೆ ಸಾಕು, ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗುತ್ತದೆ.

ಮನೆಗೆ ಮೋಲ್ಡ್ ಹಾಕುವ ದಿನ ನೆನೆಸಿಕೊಳ್ಳಿ. ಏಣಿ ಉದ್ದಕ್ಕೂ ಜನ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ಕೊಡುತ್ತಾರೆ. ಜನ ನಿಂತಲ್ಲೇ ಇರುತ್ತಾರೆ, ಬಾಂಡ್ಲಿ ಮಾತ್ರ ಮೇಲೆ ಹೋಗುತ್ತದೆ. ಪ್ರೋಟಾನು ಹೋಗುವುದು ಹೀಗೇ. ಈಗ ಸಾಲಿನ ನಡುವೆ ಒಬ್ಬ ಅಡ್ಡ ತಿರುಗಿ ಗೋಡೆ ಹಿಡಿದುಕೊಂಡರೆ? ಬಾಂಡ್ಲಿ ಅಲ್ಲೇ ನಿಲ್ಲುತ್ತದೆ. ಎರಡು ಅರ್ಧ ಸ್ಪ್ರಿಂಗು ಸೇರುವ ಜಾಗದಲ್ಲಿ ಎರಡು ಆಸ್ಪರಜಿನ್ ಇವೆಯಲ್ಲ, ಅವು ಹಾದುಹೋಗುವ ಪ್ರತಿ ನೀರಿನ ಅಣುವನ್ನೂ ಹಿಡಿದು ತಿರುಗಿಸುತ್ತವೆ. ಅದರ ಮೇಲಿನ ಸಾಲು ಒಂದು ಕಡೆ ಮುಖ, ಕೆಳಗಿನ ಸಾಲು ಇನ್ನೊಂದು ಕಡೆ ಮುಖ. ಸಾಲದ್ದಕ್ಕೆ ಆ ಅರ್ಧ ಸ್ಪ್ರಿಂಗುಗಳ ತುದಿಯಲ್ಲಿ ಪ್ಲಸ್ ಚಾರ್ಜ್ ಇದೆ. ರಂಧ್ರದ ಇಕ್ಕಟ್ಟಾದ ಜಾಗದಲ್ಲಿ ಆರ್ಜಿನಿನ್ ಅನ್ನುವ ಇನ್ನೊಂದು ಪ್ಲಸ್ ಕೂತಿದೆ. ಪ್ರೋಟಾನೂ ಪ್ಲಸ್ಸೇ. ಪ್ಲಸ್ ಪ್ಲಸ್ಸನ್ನು ದೂರ ತಳ್ಳುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಇಡೀ ಪ್ರೋಟೀನಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಡೈರಿ ಹಿಂದಿನ ಬೀದಿ, ಕೋಲಾರ

ಇಷ್ಟೆಲ್ಲ ಯಾಕೆ? ನಮ್ಮ ಜಿಲ್ಲೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಅದೇ ಹೋಗಿ ಮಿದುಳಿನ ಪೈಪ್ ಕಟ್ಟಿರುತ್ತದೆ. ಗ್ರೂಪಿನಲ್ಲಿ ಬಂದಿತ್ತು. ನೀರು ಕಮ್ಮಿ ಕುಡಿಯಲಿ, ಸರಿಹೋಗುತ್ತದೆ.

ರಾತ್ರಿ ಪಾಳಿ

ದಯವಿಟ್ಟು ಹೀಗೆಲ್ಲ ಬರೆಯಬೇಡಿ. ನಾನು ನರರೋಗ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಫ್ಲೋರೈಡ್ ಜಾಸ್ತಿಯಾದರೆ ಹಲ್ಲು ಕಂದಾಗುತ್ತದೆ, ಮೂಳೆ ಕೆಡುತ್ತದೆ. ಅದು ನಮ್ಮ ಕಡೆಯ ನಿಜವಾದ ಕಷ್ಟ. ಈ ಕಾಯಿಲೆ ಬೇರೆ, ಇದಕ್ಕೆ ನ್ಯೂರೋಮೈಲೈಟಿಸ್ ಆಪ್ಟಿಕಾ ಅನ್ನುತ್ತಾರೆ. ಇದರಲ್ಲಿ ಮೈಯ ಸೈನ್ಯವೇ ದಾರಿ ತಪ್ಪಿರುತ್ತದೆ. ನೀರು ಕಮ್ಮಿ ಕುಡಿದರೆ ಒಂದೂ ಲಾಭ ಇಲ್ಲ.

ಬಂಗಾರಪೇಟೆ ಅಣ್ಣಾ, ಅಕ್ಕನ ಬಿಕ್ಕಳಿಕೆ ಬಗ್ಗೆ ಬರೆದಿರಲ್ಲ, ಅದು ಗ್ಯಾಸ್ ಆಗಿರಲಿಕ್ಕಿಲ್ಲ. ಮಿದುಳಿನ ಬುಡದಲ್ಲಿ ಏರಿಯಾ ಪೋಸ್ಟ್ರೀಮಾ ಅಂತ ಒಂದು ಸಣ್ಣ ಜಾಗ ಇದೆ. ವಾಂತಿಯ ಸ್ವಿಚ್ಚು ಅಂತಲೇ ಅನ್ನಿ. ಅಲ್ಲಿ ಆಕ್ವಾಪೋರಿನ್-4 ಜಾಸ್ತಿ. ಮಿದುಳಿನ ಉಳಿದ ಕಡೆ ರಕ್ತನಾಳಕ್ಕೆ ಬಿಗಿ ಕಾವಲು ಇರುತ್ತದೆ, ಅಲ್ಲಿ ಇಲ್ಲ. ರಕ್ತದಲ್ಲಿರುವ ಆ್ಯಂಟಿಬಾಡಿ ಸುಲಭವಾಗಿ ಒಳಗೆ ಹೋಗುತ್ತದೆ. ನಿಲ್ಲದ ಬಿಕ್ಕಳಿಕೆ, ಕಾರಣವಿಲ್ಲದ ವಾಂತಿ ಈ ಕಾಯಿಲೆಯ ಗುರುತುಗಳಲ್ಲಿ ಒಂದು. ಎಷ್ಟೋ ಜನ ನಿಮ್ಮ ಹಾಗೇ ಮೊದಲು ಹೊಟ್ಟೆ ಡಾಕ್ಟರ್ ಹತ್ತಿರ ಹೋಗಿರುತ್ತಾರೆ. ಮುಂದೆ ಯಾವಾಗಲಾದರೂ ಬಿಕ್ಕಳಿಕೆ ಎರಡು ದಿನ ದಾಟಿದರೆ ಫೋನ್ ಮಾಡಿ ಕೇಳಿ, ಕಾಯಬೇಡಿ.

ಇನ್ನೊಂದು ಮಾತು. ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ (ನರದ ಕವಚ ಕೆಡುವ ಇನ್ನೊಂದು ಕಾಯಿಲೆ) ಅಂತ ತಪ್ಪು ತಿಳಿದುಕೊಳ್ಳುವುದು ಮೊದಲು ಜಾಸ್ತಿ ಇತ್ತು. ಆ ಕಾಯಿಲೆಯ ಕೆಲವು ಔಷಧಿ ಇದಕ್ಕೆ ಕೊಟ್ಟರೆ ಕಾಯಿಲೆ ಕೆರಳುತ್ತದೆ. ಹೊಸ ಡಾಕ್ಟರ್ ಹತ್ತಿರ ಹೋದಾಗ ಈ ರಿಪೋರ್ಟು ಮೊದಲು ತೋರಿಸಿ.

ರಿವೈಂಡಿಂಗ್ ಅಂಗಡಿ, ಬಂಗಾರಪೇಟೆ

ಸಿಸ್ಟರ್, ಇದನ್ನು ಆವಾಗಲೇ ಯಾರಾದರೂ ಹೇಳಿದ್ದರೆ! ಎರಡು ವಾರ ಅವಳಿಗೆ ಸಕ್ಕರೆ ತಿನ್ನಿಸಿ, ಹೆದರಿಸಿ, ಬೆನ್ನಿಗೆ ಗುದ್ದಿ ನೋಡಿದ್ದೆವು. ಹೋಗಲಿ.

ಬ್ಲಾಕ್ ಆಗಿದೆಯಾ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬರಲಿಲ್ಲ.

ಹೆಂಚಿನೂರು ಹುಡುಗಿ, ಮಾಲೂರು

ಬರೆಯುತ್ತಿದ್ದೆ ಅಣ್ಣಾ. ಬ್ಲಾಕ್ ಆಗಿರುವುದು ಮುಖ್ಯ ತೊಂದರೆ ಅಲ್ಲ. ಆ್ಯಂಟಿಬಾಡಿಗೆ ಆ ರಂಧ್ರದ ಉಸಾಬರಿಯೇ ಇಲ್ಲ. ಅದು ಹಿಡಿಯುವುದು ಕೋಶದ ಹೊರಗೆ ಕಾಣುವ ತುಂಡನ್ನು. ಆರು ಸ್ಪ್ರಿಂಗುಗಳನ್ನು ಜೋಡಿಸುವ ಸರದ ಮಡಿಕೆಗಳಲ್ಲಿ ಮೂರು ಹೊರಗಡೆ ಇಣುಕುತ್ತವೆ. ಇಡ್ಲಿ ತಟ್ಟೆಯ ಮೇಲ್ಮುಖ ಅನ್ನಿ.

ಇಲ್ಲಿ ಆಕಾರದ ಆಟ ಶುರುವಾಗುತ್ತದೆ. ಈ ಪ್ರೋಟೀನು ಎರಡು ಅಳತೆಯಲ್ಲಿ ಬರುತ್ತದೆ. ಎಂ1 ಅನ್ನುವುದರಲ್ಲಿ 323 ಮಣಿ. ಎಂ23 ಅನ್ನುವುದರಲ್ಲಿ ತಲೆಯ ಕಡೆ 22 ಮಣಿ ಕಮ್ಮಿ, 301. ಎಂ1 ಅಂದರೆ ಹಿಡಿ ಇರುವ ತಟ್ಟೆ. ಎಂ23 ಹಿಡಿ ಇಲ್ಲದ್ದು. ಅಂಗಳದಲ್ಲಿ ತಟ್ಟೆಗಳನ್ನು ಜೋಡಿಸಿ ನೋಡಿ. ಹಿಡಿ ಇಲ್ಲದವು ಒಂದಕ್ಕೊಂದು ಅಂಟಿಕೊಂಡು ಚೌಕ ಚೌಕವಾಗಿ ಕೂರುತ್ತವೆ. ಹಿಡಿ ಇರುವವು ಅಡ್ಡ ಬರುತ್ತವೆ. ಆಸ್ಟ್ರೋಸೈಟಿನ ಪಾದದಲ್ಲಿ ಎರಡೂ ಬೆರೆತು ಚೌಕಗಳ ಚಾಪೆ ಹಾಸಿದ ಹಾಗೆ ಇರುತ್ತದೆ. 1970ರ ದಶಕದಲ್ಲೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಈ ಚೌಕಗಳು ಕಂಡಿದ್ದವು. ಅದೇನು ಅಂತ ತಿಳಿಯಲು ಇಪ್ಪತ್ತಕ್ಕೂ ಜಾಸ್ತಿ ವರ್ಷ ಹಿಡಿಯಿತು.

ಈ ಚಾಪೆ ಇದ್ದರೆ ಆ್ಯಂಟಿಬಾಡಿಗಳು ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ. ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಒಂದು ಪಡೆ ಇದೆ. ಅದರ ಮುಂದಾಳು ಸಿ1ಕ್ಯೂಗೆ ಆರು ತಲೆ. ಒಂಟಿ ಆ್ಯಂಟಿಬಾಡಿ ಸಿಕ್ಕರೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ. ಒತ್ತೊತ್ತಾಗಿ ಕೂತಿದ್ದರೆ ಆರು ತಲೆಯನ್ನೂ ಊರಿ ಕೂರುತ್ತದೆ. ಅಲ್ಲಿಂದ ಸರಪಳಿ ಎದ್ದು ಕೊನೆಗೆ ಕೋಶದ ಪೊರೆಗೇ ದೊಡ್ಡ ತೂತು ಕೊರೆಯುತ್ತದೆ. ಯಜಮಾನರು ಹೇಳಿದ ಏಡಿ ಬಿಲ ನಿಜಕ್ಕೂ ಅದು. ಆಸ್ಟ್ರೋಸೈಟ್ ಸಾಯುತ್ತದೆ. ಅದರ ಆಸರೆಯಲ್ಲಿದ್ದ ನರದ ಕವಚ, ಆಮೇಲೆ ನರ, ಎರಡೂ ಕೆಡುತ್ತವೆ. ಕಣ್ಣಿನ ನರ, ಬೆನ್ನುಹುರಿಗಳಿಗೆ ಪೆಟ್ಟು ಬೀಳುವುದು ಹೀಗೆ.

ಸರಪಳಿಯ ನಡುವಿನ ಒಂದು ಕೊಂಡಿ ಸಿ5. ಅದನ್ನು ಹಿಡಿದು ನಿಲ್ಲಿಸುವ ಎಕುಲಿಜುಮ್ಯಾಬ್ ಅನ್ನುವ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗಾಗಿ ಒಪ್ಪಿಗೆ ಸಿಕ್ಕಿತು. ಬೆಲೆ ಕೇಳಬೇಡಿ.

ಪಿಯು ಮೇಷ್ಟ್ರು, ಮುಳಬಾಗಿಲು

ತೂಬು ವಾಪಸ್ ತೆಗೆದುಕೊಂಡೆ. ಸೋತದ್ದು ಖುಷಿಯಾಗಿದೆ.

ಒಂದು ಕೇಳಬೇಕಿತ್ತು. ಈ ಪ್ರೋಟೀನು ಮೂತ್ರಪಿಂಡ, ಹೊಟ್ಟೆ, ಸ್ನಾಯುಗಳಲ್ಲೂ ಇದೆ ಅಂತ ಓದಿದ್ದೇನೆ. ಅವಕ್ಕೆ ಯಾಕೆ ಏನೂ ಆಗುವುದಿಲ್ಲ?

ಹೆಂಚಿನೂರು ಹುಡುಗಿ, ಮಾಲೂರು

ಅಲ್ಲಿನ ಕೋಶಗಳ ಮೇಲೆ ಕಾಂಪ್ಲಿಮೆಂಟನ್ನು ತಡೆಯುವ ಬೇರೆ ಪ್ರೋಟೀನುಗಳು ಒಳ್ಳೆ ಜಾಗದಲ್ಲಿ ಕೂತಿವೆ ಅನ್ನುವುದು ಒಂದು ವಿವರಣೆ. ಇಲಿಗಳಲ್ಲಿ ಅದಕ್ಕೆ ಸಾಕ್ಷಿ ಇದೆ.

ಅಂತರಗಂಗೆ ಮೆಟ್ಟಿಲು

ನಾನು ಬಿಎಸ್ಸಿ. ಇಷ್ಟು ಸಣ್ಣದನ್ನು ನೋಡಿದವರು ಯಾರು, ಹೇಗೆ ಅಂತ ಯಾರೂ ಹೇಳಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದರೆ ಸ್ಪ್ರಿಂಗ್ ಕಾಣುತ್ತದಾ?

ಪಿಯು ಮೇಷ್ಟ್ರು, ಮುಳಬಾಗಿಲು

ಶುರುವಿನ ಕಥೆ ನಾನು ಹೇಳುತ್ತೇನೆ, ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುವುದೇ. ಅಮೆರಿಕದ ಪೀಟರ್ ಆಗ್ರೆ ಕೆಂಪು ರಕ್ತಕಣದಲ್ಲಿ ಬೇರೇನೋ ಹುಡುಕುತ್ತಿದ್ದರು. ಗೊತ್ತಿಲ್ಲದ ಒಂದು ಪ್ರೋಟೀನು ಅಡ್ಡ ಬಂತು. 1992ರಲ್ಲಿ ಅದರ ಆರ್‌ಎನ್‌ಎಯನ್ನು, ಅಂದರೆ ಆ ಪ್ರೋಟೀನು ತಯಾರಿಸುವ ಸೂಚನೆಯನ್ನು, ಕಪ್ಪೆಯ ಮೊಟ್ಟೆಗೆ ಚುಚ್ಚಿ ಉಪ್ಪು ಕಮ್ಮಿಯಿರುವ ತೆಳು ನೀರಿಗೆ ಹಾಕಿದರು. ಮಾಮೂಲಿ ಮೊಟ್ಟೆ ಹಾಗೇ ಇತ್ತು. ಚುಚ್ಚಿದ ಮೊಟ್ಟೆ ಊದಿ ಊದಿ ಒಡೆಯಿತು. ನೀರಿನ ದಾರಿ ಸಿಕ್ಕಿತು. 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಪೊಟ್ಯಾಸಿಯಂ ಚಾನೆಲ್ಲಿನ ಆಕಾರ ಕಂಡ ರೋಡರಿಕ್ ಮೆಕಿನನ್ ಜೊತೆ.

ಹೆಂಚಿನೂರು ಹುಡುಗಿ, ಮಾಲೂರು

ಕಣ್ಣಿಟ್ಟು ನೋಡಿದರೆ ಕಾಣುವುದಿಲ್ಲ. ಬೆಳಕಿನ ಅಲೆಯೇ ಇದಕ್ಕಿಂತ ನೂರಾರು ಪಟ್ಟು ಉದ್ದ. ಪೊರೆಯ ಪ್ರೋಟೀನು ಹಟಮಾರಿ. ಕೊಬ್ಬಿನಿಂದ ಹೊರಗೆ ತೆಗೆದರೆ ಮುದ್ದೆ ಕಟ್ಟುತ್ತದೆ. ಸೋಪಿನಂಥ ದ್ರವದಲ್ಲಿ ಸಮಾಧಾನ ಮಾಡಿ ಎತ್ತಬೇಕು. ನನ್ನ ಮೊದಲ ಎರಡು ವರ್ಷ ಬರೀ ಮುದ್ದೆ ಎಸೆಯುವುದರಲ್ಲೇ ಹೋಯಿತು. ಕೋಲಾರದವಳಾಗಿ ಮುದ್ದೆ ಎಸೆದ ಪಾಪ ಬೇರೆ.

2006ರಲ್ಲಿ ಜಪಾನಿನವರು ಇಲಿಯ ಆಕ್ವಾಪೋರಿನ್-4ನ್ನು ಕೊಬ್ಬಿನ ಹಾಳೆಯಲ್ಲೇ ಸಾಲಾಗಿ ಜೋಡಿಸಿ, ಎಲೆಕ್ಟ್ರಾನ್ ಹಾಯಿಸಿ ಆಕಾರ ತೆಗೆದರು. ಪೊರೆಯೊಳಗೆ ಇರುವ ಹಾಗೇ ಕಂಡದ್ದು ಅದರ ಹೆಚ್ಚುಗಾರಿಕೆ. 2009ರಲ್ಲಿ ಅಮೆರಿಕದ ಗುಂಪೊಂದು ಮನುಷ್ಯರ ಪ್ರೋಟೀನನ್ನು ಹರಳು ಮಾಡಿ ಎಕ್ಸ್-ರೇಯಿಂದ 0.18 ನ್ಯಾನೋಮೀಟರ್ ಸ್ಪಷ್ಟತೆಯಲ್ಲಿ ಕಂಡಿತು. ಅದರಲ್ಲಿ ರಂಧ್ರದೊಳಗೆ ಸಾಲಾಗಿ ನಿಂತ ನೀರಿನ ಅಣುಗಳೂ ಕಾಣುತ್ತವೆ. ಈಗ ಪ್ರೋಟೀನನ್ನು ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ಮೈಕ್ರೋಸ್ಕೋಪ್ ಬೆಂಗಳೂರಿನಲ್ಲೇ ಇದೆ. ಯಾವ ವಿಧಾನದಲ್ಲಿ ತೆಗೆದರೂ, ಸರದ ತಿರುವುಗಳು ಸಾಧ್ಯವೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ತಂಡ ಹಾಕಿಕೊಟ್ಟ ನಕ್ಷೆಯಲ್ಲಿ. ಅವರು ಆಮೇಲೆ ಬೆಂಗಳೂರಿನ ಐಐಎಸ್ಸಿಗೇ ಬಂದರು.

ಇನ್ನೊಂದು, ಬಿಎಸ್ಸಿಯವರಿಗೆ. ಎಲ್ಲ ಚಾನೆಲ್ಲೂ ಇಡ್ಲಿ ತಟ್ಟೆಯಲ್ಲ. ಅದೇ ಪಾದದಲ್ಲಿ ಕೆಐಆರ್4.1 ಅನ್ನುವ ಪೊಟ್ಯಾಸಿಯಂ ಚಾನೆಲ್ ಇದೆ. ಅದರಲ್ಲೂ ನಾಲ್ಕು ತುಂಡು. ಆದರೆ ನಾಲ್ವರು ಬಾವಿ ಸುತ್ತ ಕೂತ ಹಾಗೆ, ದಾರಿ ಒಂದೇ, ನಟ್ಟನಡುವೆ. ಗ್ಲುಟಮೇಟ್ (ನರಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ) ಎತ್ತುವ ಪ್ರೋಟೀನು ಮೂರರ ಗುಂಪು. ಅದರಲ್ಲಿ ತೂತೇ ಇಲ್ಲ, ಲಿಫ್ಟ್ ಇದೆ. ಸರಕು ಹತ್ತಿಸಿಕೊಂಡು ಇಡೀ ತುಂಡು ಕೆಳಗಿಳಿಯುತ್ತದೆ.

ಸೋಮಾಂಬುಧಿ ಕೆರೆ ಏರಿ

ಬಾವಿಯೂ ಬಂತು, ಲಿಫ್ಟೂ ಬಂತು. ನೀರುಗಂಟಿ ಮಾತ್ರ ಬರಲಿಲ್ಲ.

ಹೆಂಚಿನೂರು ಹುಡುಗಿ, ಮಾಲೂರು

ಒಬ್ಬ ಇದ್ದಾನೆ ಯಜಮಾನರೇ. ಆಲ್ಫಾ-ಸಿಂಟ್ರೋಫಿನ್ ಅಂತ. ಬಿರಡೆ ಎತ್ತುವುದಿಲ್ಲ. ಆದರೆ ಆಕ್ವಾಪೋರಿನ್‌ಗಳನ್ನು ರಕ್ತನಾಳದ ಕಡೆಗೇ ಕಟ್ಟಿ ಹಾಕುವುದು ಅವನೇ. ಅವನಿಲ್ಲದ ಇಲಿಗಳಲ್ಲಿ ಪ್ರೋಟೀನು ಇರುತ್ತದೆ, ಪಾದದಲ್ಲಿ ಮಾತ್ರ ತೀರಾ ಕಮ್ಮಿಯಾಗಿರುತ್ತದೆ.

ಸೋಮಾಂಬುಧಿ ಕೆರೆ ಏರಿ

ಸರಿ, ಅವನಿಗೆ ಅರ್ಧ ಸಂಬಳ.

ರಿವೈಂಡಿಂಗ್ ಅಂಗಡಿ, ಬಂಗಾರಪೇಟೆ

ನಿನ್ನೆ ರಾತ್ರಿ ಅಕ್ಕನ ಮನೆಗೆ ಹೋಗಿದ್ದೆ. ತಟ್ಟೆ ಇಟ್ಟುಕೊಂಡು ಎಲ್ಲ ಹೇಳಿದೆ. ಬ್ಲಾಕ್ ಅಲ್ಲ, ಬಾಗಿಲ ಮುಂದೆ ಗಲಾಟೆ ಅಂದೆ. ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ "ಹಾಗಾದರೆ ಆ ಬಿಕ್ಕಳಿಕೆ ನನ್ನ ನಾಟಕ ಅಲ್ಲ ಅಂತ ನಿಮ್ಮ ಭಾವನಿಗೆ ನೀನೇ ಹೇಳು" ಅಂದಳು. ಹೇಳಿ ಬಂದೆ.

ಮೇಷ್ಟ್ರೇ, ನಿಮ್ಮ ಹುಡುಗರಿಗೆ ಮಾಡೆಲ್ ಬೇಕಾದರೆ ಅಂಗಡಿಯಲ್ಲಿ ಕಾಲಿಂಚಿನ ಪೈಪ್ ತುಂಡು, ಹಳೇ ಸ್ಪ್ರಿಂಗು ಬೇಕಾದಷ್ಟು ಬಿದ್ದಿವೆ. ಆರು ಪೂರ್ತಿ, ಎರಡು ಅರ್ಧ, ಅಂಥ ನಾಲ್ಕು ಸೆಟ್ ಅಲ್ವಾ? ಭಾನುವಾರ ಮುಳಬಾಗಿಲಿಗೆ ಒಂದು ಮೋಟಾರ್ ಇಳಿಸಲು ಬರುತ್ತೇನೆ, ತಂದುಕೊಡುತ್ತೇನೆ.